ಪದಚರ್ಚೆ: ಹಳೆಯ ಚರ್ಚಿನ ಗೋಡೆ, ಮೆಟ್ಟಿಲು, ಹೊರಬಾಗಿಲು ಮತ್ತು ‘ಕರ್ಟಿಲೇಜ್’

ಮಾನ್ಯರೇ,

ಇಂಗ್ಲೆಂಡಿನ ಹಳೆಯ ಚರ್ಚುಗಳ ಸುತ್ತುಗೋಡೆ, ಮೆಟ್ಟಿಲು, ಹೊರಬಾಗಿಲುಗಳಿಗೆ ಅಲ್ಲಿನ ಕಾನೂನು ಕೊಡುವ ರಕ್ಷಣೆಯ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ‘ಕರ್ಟಿಲೇಜ್’, ಅಂದರೆ ಕಟ್ಟಡಕ್ಕೆ ಸೇರಿದ ಸುತ್ತಲಿನ ಜಾಗ, ಎಂಬ ಮಾತಿಗೆ ತಕ್ಕ ಕನ್ನಡ ಪದ ಬೇಕಾಗಿದೆ. 1990ರ ಕಾಯ್ದೆಯಂತೆ, ಕಟ್ಟಡವೊಂದು ಪರಂಪರೆಯ ಪಟ್ಟಿಗೆ ಸೇರಿದರೆ, ಅದರ ಕರ್ಟಿಲೇಜಿನೊಳಗೆ 1948ರ ಜುಲೈ 1ಕ್ಕೆ ಮೊದಲಿನಿಂದಲೂ ನೆಲಕ್ಕೆ ಸೇರಿಕೊಂಡು ನಿಂತಿರುವ ರಚನೆಗಳೂ ಆ ಕಟ್ಟಡದ ಭಾಗವೆಂದೇ ಎಣಿಕೆಯಾಗುತ್ತವೆ. ಪಟ್ಟಿಯಲ್ಲಿ ಹೆಸರೇ ಕಾಣದ ಗೋಡೆಗೂ ಹೀಗೆ ರಕ್ಷಣೆ ದೊರೆಯುತ್ತದೆ.

‘ಆವರಣ’ ಎಂದರೆ ಓದುಗರು ಗೋಡೆಯ ಒಳಗಿನ ಬಯಲನ್ನಷ್ಟೇ ನೆನೆಯುತ್ತಾರೆ. ಕರ್ಟಿಲೇಜನ್ನು ನಿರ್ಧರಿಸುವಾಗಲಾದರೋ ಜಾಗದ ವಿನ್ಯಾಸ, ಹಿಂದಿನ ಮತ್ತು ಇಂದಿನ ಒಡೆತನ, ಬಳಕೆ ಇಷ್ಟನ್ನೂ ನೋಡುತ್ತಾರೆ. ‘ಪ್ರಾಕಾರ’ ದೇವಾಲಯಕ್ಕೆ ಅಂಟಿದ ಪದ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಕರಾವಳಿಯ ‘ವಠಾರ’: ದೇವಳದ ವಠಾರ, ಇಗರ್ಜಿಯ ವಠಾರ ಎನ್ನುವಾಗ ಕಟ್ಟಡಕ್ಕೆ ಸೇರಿದ ಜಾಗವೆಲ್ಲ ಅದರಲ್ಲಿ ಅಡಕವಾಗುತ್ತದೆ. ಆದರೆ ಬೆಂಗಳೂರು, ಮೈಸೂರಿನ ಕಡೆ ಅದೇ ಪದಕ್ಕೆ ಸಾಲುಮನೆಗಳ ಬಾಡಿಗೆ ವಸತಿ ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ.

‘ಸಂರಕ್ಷಿತ ಸ್ಮಾರಕ’ ಎಂಬ ನಮ್ಮ ಪರಿಚಿತ ಪದವನ್ನು ಇಲ್ಲಿ ಬಳಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಸ್ಮಾರಕಗಳಿಗೆ ಅಲ್ಲಿ 1979ರ ಬೇರೆಯೇ ಕಾಯ್ದೆಯಿದೆ. ‘ಪಟ್ಟಿಗೆ ಸೇರಿದ ಕಟ್ಟಡ’ ಎನ್ನುವುದೇ ಲೇಸು. ಕೆಲವು ಮೆಟ್ಟಿಲುಗಳು, ಬಾಗಿಲುಗಳು ಸ್ವಂತ ಹೆಸರಿನಲ್ಲೇ ಪಟ್ಟಿಯಲ್ಲಿವೆ. ವ್ಹಿಟ್ಬಿ ಪಟ್ಟಣದಿಂದ ಸೇಂಟ್ ಮೇರಿ ಚರ್ಚಿಗೆ ಏರುವ 199 ಮೆಟ್ಟಿಲುಗಳು ಅಂಥವು. ಶವಪೆಟ್ಟಿಗೆ ಹೊತ್ತವರು ಇಳಿಸಿ ದಣಿವಾರಿಸಿಕೊಳ್ಳಲು ಅಲ್ಲಲ್ಲಿ ಅಗಲವಾದ ಹಾಸುಗಳಿವೆ.

ಇನ್ನೊಂದು ತೊಡಕು ‘ಲಿಚ್‌ಗೇಟ್’. ಇದು ಚರ್ಚಿನಂಗಳದ ಅಂಚಿನಲ್ಲಿರುವ, ಮಾಡು ಹೊದಿಸಿದ ಹೊರಬಾಗಿಲು. ಹಳೆಯ ಇಂಗ್ಲಿಷಿನಲ್ಲಿ ‘ಲಿಚ್’ ಎಂದರೆ ದೇಹ, ಶವ. 1662ರ ಪ್ರಾರ್ಥನಾ ಗ್ರಂಥದ ವಿಧಿಯಂತೆ ಪಾದ್ರಿಯು ಶವವನ್ನು ಅಂಗಳದ ಪ್ರವೇಶದಲ್ಲೇ ಎದುರುಗೊಳ್ಳಬೇಕು. ‘ಶವದ್ವಾರ’ ಎಂದರೆ ಮೂಲಕ್ಕೆ ನಿಷ್ಠೆಯಾದೀತು, ಆದರೆ ಮದುವೆಯ ದಿಬ್ಬಣವೂ ಅದೇ ಬಾಗಿಲಿನಿಂದ ಹೋಗುತ್ತದೆ. ‘ಮಾಡಿನ ಹೊರಬಾಗಿಲು’ ಎಂದು ವಿವರಿಸಿ, ಮುಂದೆ ಲಿಚ್‌ಗೇಟ್ ಎಂದೇ ಉಳಿಸಿಕೊಳ್ಳುವ ಯೋಚನೆ ನನ್ನದು.

ಶವ ಹೊತ್ತವರು ತಂಗುವ ಇಂಥ ತಾಣಕ್ಕೆ ನಿಮ್ಮ ಊರಿನಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ. ‘ವಠಾರ’ವನ್ನು ಈ ಅರ್ಥದಲ್ಲಿ ಬಯಲುಸೀಮೆಯ ಓದುಗರು ಒಪ್ಪುವರೇ ಎಂಬುದನ್ನೂ ಆ ಭಾಗದವರೇ ಹೇಳಬೇಕು.