ಹಲವು ದೇಶಗಳಲ್ಲಿ ವ್ಯವಹಾರ ಇದ್ದರೆ ಬ್ಯಾಂಕಿಗೆ ರಿಸ್ಕ್ ಜಾಸ್ತಿಯೋ ಕಡಿಮೆಯೋ?

ಪ್ರಶ್ನೆ: ಜಾಗತೀಕರಣದಿಂದ ಬ್ಯಾಂಕುಗಳ ರಿಸ್ಕ್ ಕಡಿಮೆಯಾಗುತ್ತದೆ ಎಂದು ತರಗತಿಯಲ್ಲಿ ಹೇಳಿದರು. ಹತ್ತು ದೇಶಗಳಲ್ಲಿ ಸಾಲ ಕೊಟ್ಟರೆ, ಒಂದು ಮುಗ್ಗರಿಸಿದರೂ ಉಳಿದ ಒಂಬತ್ತು ಕೈಹಿಡಿಯುತ್ತವೆ, ಅಲ್ವಾ? ಹಾಗಾದರೆ 2007–08ರಲ್ಲಿ ಅಷ್ಟೊಂದು ಬ್ಯಾಂಕುಗಳು ಒಟ್ಟಿಗೇ ಅಲುಗಾಡಿದ್ದು ಯಾಕೆ? ಬ್ಯಾಂಕಿನಲ್ಲಿರುವವರು ಯಾರಾದರೂ ಬಿಡಿಸಿ ಹೇಳಿ.

ಉತ್ತರ: ನಾನು ರಿಸ್ಕ್ ವಿಭಾಗದಲ್ಲಿದ್ದೇನೆ. ನಿಮಗೆ ಹೇಳಿಕೊಟ್ಟದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಚಿಕ್ಕಪುಟ್ಟ ಪೆಟ್ಟುಗಳು ಹಂಚಿಹೋಗುತ್ತವೆ, ನಿಜ. ಆದರೆ ನೀವು ನೋಡುತ್ತಿರುವುದು ಬ್ಯಾಂಕ್ ಸಾಲ ಎಲ್ಲಿ ಕೊಟ್ಟಿದೆ ಎಂದು. ನಾನು ಮೊದಲು ಕೇಳುವುದು, ಅದು ತಾನು ಸಾಲ ಎಲ್ಲಿಂದ ತಂದಿದೆ, ಯಾವ ಕರೆನ್ಸಿಯಲ್ಲಿ, ಎಷ್ಟು ದಿನಕ್ಕೆ ಎಂದು.

ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕ್ ನೋಡಿ. ಅದು ಕೊಟ್ಟದ್ದು ಬಹುಪಾಲು ಬ್ರಿಟನ್ನಿನದೇ ಮನೆ ಸಾಲ. ಆದರೆ ಅದಕ್ಕೆ ಬೇಕಾದ ಹಣದಲ್ಲಿ ದೊಡ್ಡ ಪಾಲು ಠೇವಣಿಯದ್ದಲ್ಲ, ಜಾಗತಿಕ ಹಣದ ಮಾರುಕಟ್ಟೆಯಿಂದ, ಅಂದರೆ ಬೇರೆ ಬ್ಯಾಂಕುಗಳು ಮತ್ತು ದೊಡ್ಡ ಹೂಡಿಕೆದಾರರಿಂದ ಎತ್ತಿದ್ದು. 2007ರ ಆಗಸ್ಟ್ 9ರಂದು ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕ್ ತನ್ನ ಮೂರು ಫಂಡ್‌ಗಳಿಂದ ಹಣ ತೆಗೆಯುವುದನ್ನು ತಡೆಹಿಡಿಯಿತು. ಅವುಗಳಲ್ಲಿದ್ದ ಅಮೆರಿಕದ ಗೃಹಸಾಲಗಳನ್ನು ಆಧರಿಸಿದ ಹೂಡಿಕೆ ಪತ್ರಗಳಿಗೆ ಬೆಲೆ ಕಟ್ಟಲಾಗುತ್ತಿಲ್ಲ ಎಂದಿತು. ಅಷ್ಟೇ ಸಾಕಾಯಿತು, ಯಾರೂ ಯಾರಿಗೂ ಕೈಗಡ ಕೊಡದ ಸ್ಥಿತಿ ಬಂತು. ನಾರ್ದರ್ನ್ ರಾಕ್‌ಗೆ ಹೊಸ ಸಾಲ ಹುಟ್ಟಲಿಲ್ಲ, ಸೆಪ್ಟೆಂಬರ್‌ನಲ್ಲಿ ಅದರ ಶಾಖೆಗಳ ಮುಂದೆ ಠೇವಣಿದಾರರ ಉದ್ದನೆ ಸಾಲು.

ಪ್ರಶ್ನೆ: ಕರೆನ್ಸಿ ಎಂದಿರಲ್ಲ. ಡಾಲರ್ ತಂದು ಡಾಲರ್‌ನಲ್ಲೇ ಸಾಲ ಕೊಟ್ಟರೆ ಬ್ಯಾಂಕ್ ಪಾರಲ್ವಾ?

ಉತ್ತರ: ಲೆಕ್ಕದ ಪುಸ್ತಕದಲ್ಲಿ ಪಾರು! 1997ರ ಥಾಯ್ಲೆಂಡ್ ನೆನಪಿಸಿಕೊಳ್ಳಿ. ಆಗ ಡಾಲರಿಗೆ ಸುಮಾರು 25 ಬಾತ್. ಒಂದು ಕಂಪನಿ 10 ಲಕ್ಷ ಡಾಲರ್ ಸಾಲ ಪಡೆದಿದೆ ಎಂದುಕೊಳ್ಳೋಣ. ಅಂದರೆ ಎರಡೂವರೆ ಕೋಟಿ ಬಾತ್. ಅದರ ಗಳಿಕೆಯೆಲ್ಲ ಬಾತ್‌ನಲ್ಲಿ. ಜುಲೈ 2ರಂದು ಸರ್ಕಾರ ಬಾತ್‌ನ ಬೆಲೆ ಹಿಡಿದಿಡುವುದನ್ನು ಕೈಬಿಟ್ಟಿತು. 1998ರ ಜನವರಿಗೆ ಡಾಲರ್ 50 ಬಾತ್ ದಾಟಿತ್ತು. ಕಂಪನಿ ಹೊಸದಾಗಿ ಒಂದು ಬಾತ್ ಕೂಡ ಪಡೆದಿಲ್ಲ, ಸಾಲ ಮಾತ್ರ ಐದು ಕೋಟಿ. ಅದು ಕೈಚೆಲ್ಲಿದರೆ ನಷ್ಟ ಯಾರಿಗೆ? ಕರೆನ್ಸಿ ರಿಸ್ಕ್ ವೇಷ ಬದಲಿಸಿ, ವಸೂಲಾಗದ ಸಾಲವಾಗಿ ಬ್ಯಾಂಕಿಗೇ ವಾಪಸ್.

ಇನ್ನೊಬ್ಬರ ಪ್ರಶ್ನೆ: ಕೇಂದ್ರ ಬ್ಯಾಂಕ್ ಇರೋದು ಯಾಕೆ? ನೋಟು ಮುದ್ರಿಸಿ ಕಾಪಾಡಬಹುದಲ್ಲ?

ಉತ್ತರ: ತನ್ನ ನೋಟನ್ನು ಮಾತ್ರ. ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳ ಒಟ್ಟು ಆಸ್ತಿ ದೇಶದ ಜಿಡಿಪಿಯ ಸುಮಾರು ಹತ್ತು ಪಟ್ಟಿಗೆ ಬೆಳೆದಿತ್ತು. ತೀರಿಸಬೇಕಾದ ಸಾಲ ಬಹುಪಾಲು ವಿದೇಶಿ ಕರೆನ್ಸಿಯಲ್ಲಿ. ಕೇಂದ್ರ ಬ್ಯಾಂಕ್ ಕ್ರೋನಾ ಮುದ್ರಿಸಬಹುದು, ಯೂರೋ ಮುದ್ರಿಸಲಾದೀತೇ? 2008ರ ಅಕ್ಟೋಬರ್‌ನಲ್ಲಿ ಒಂದೇ ವಾರದೊಳಗೆ ಮೂರೂ ಮಗುಚಿದವು.

ಪ್ರಶ್ನೆ: ಹಾಗಾದರೆ ಬ್ಯಾಂಕುಗಳು ಸುಮ್ನೆ ತಮ್ಮ ಊರಲ್ಲೇ ಇರಬೇಕಿತ್ತು ಅನ್ನಿ!

ಉತ್ತರ: ಅಯ್ಯೋ, ಅದೂ ಅಪಾಯವೇ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಅವುಗಳಲ್ಲಿ ಹೆಚ್ಚಿನವು ಒಂದೇ ಊರಿಗೆ ಅಂಟಿಕೊಂಡ ಚಿಕ್ಕ ಬ್ಯಾಂಕುಗಳು. ದೇಶದುದ್ದಕ್ಕೂ ಶಾಖೆಗಳಿದ್ದ ಕೆನಡಾದ ಬ್ಯಾಂಕುಗಳಲ್ಲಿ ಒಂದೂ ಮುಳುಗಲಿಲ್ಲ. ಹರಡಿಕೊಳ್ಳುವುದು ತಪ್ಪಲ್ಲ. ಹೋದ ದೇಶದಲ್ಲೇ ಠೇವಣಿ ಕಟ್ಟಿಸಿಕೊಂಡು, ಅಲ್ಲಿನ ಕರೆನ್ಸಿಯಲ್ಲೇ ಸಾಲ ಕೊಡುವ ಬ್ಯಾಂಕಿನ ಬಗ್ಗೆ ನನಗೆ ಅಷ್ಟು ದಿಗಿಲಿಲ್ಲ. ನೀವು ಯಾವುದಾದರೂ ಬ್ಯಾಂಕಿನ ವಾರ್ಷಿಕ ವರದಿ ತೆರೆದರೆ, ಎಷ್ಟು ದೇಶಗಳಲ್ಲಿ ಶಾಖೆ ಇದೆ ಎಂಬ ಬಣ್ಣದ ನಕ್ಷೆ ದಾಟಿ ಮುಂದೆ ಹೋಗಿ. ಹಿಂದಿನ ಪುಟಗಳಲ್ಲಿ ವಿದೇಶಿ ಕರೆನ್ಸಿ ಸಾಲಗಳ ವಾಯಿದೆ ಯಾವಾಗ ಮುಗಿಯುತ್ತದೆ ಎಂಬ ಕೋಷ್ಟಕ ಸಾಮಾನ್ಯವಾಗಿ ಇರುತ್ತದೆ. ಮೂರು ತಿಂಗಳೊಳಗಿನ ಸಾಲು ನೋಡಿ, ಏನಾದರೂ ಅನುಮಾನ ಬಂದರೆ ಇಲ್ಲೇ ಹಾಕಿ.