ಮಳೆ ಹಿಡಿದ ಮೇಲೆ ಎರಡೇ ದಿನದಲ್ಲಿ ಸೊರಗುವ ಬಿಸಿಎಫ್‌ಝಡ್‌ವೈ ಎಲೆಕ್ಟ್ರೋಡ್: ದಯವಿಟ್ಟು ನೆರವಾಗಿ

ಮಡಿಕೇರಿ ಕುಲುಮೆ:
ಮೂರು ವಾರಗಳಿಂದ ಇದೊಂದೇ ತೊಂದರೆಯ ಹಿಂದೆ ಬಿದ್ದು ಸೋತಿದ್ದೇನೆ. ಪ್ರೋಟಾನ್ ವಾಹಕ ಸೆರಾಮಿಕ್ ಇಂಧನ ಕೋಶದ ಗಾಳಿ ಬದಿಗೆಂದು ಬಿಸಿಎಫ್‌ಝಡ್‌ವೈ ಎಂಬ ಬೇರಿಯಂ, ಕೋಬಾಲ್ಟ್, ಕಬ್ಬಿಣ, ಜಿರ್ಕೋನಿಯಂ, ಯಿಟ್ರಿಯಂಗಳ ಆಕ್ಸೈಡ್ ಪುಡಿಯನ್ನು ಎಲೆಕ್ಟ್ರೋಲೈಟಿನ (ಪ್ರೋಟಾನ್ ಸಾಗಿಸುವ ಗಟ್ಟಿ ಪದರ) ಬಿಲ್ಲೆಯ ಎರಡೂ ಮುಖಕ್ಕೆ ಬಳಿದು, 600 ಡಿಗ್ರಿಯಲ್ಲಿ ತೇವ ಗಾಳಿ ಹಾಯಿಸಿ ಇಂಪೀಡೆನ್ಸ್ (ಬೇರೆ ಬೇರೆ ಆವರ್ತನದ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆಯುತ್ತಿದ್ದೇನೆ. ಮೇ ತಿಂಗಳ ಬಿಲ್ಲೆಗಳು ವಾರಗಟ್ಟಲೆ ಕದಲದೆ ನಿಂತಿದ್ದವು. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಮಾಡಿದ ನಾಲ್ಕರಲ್ಲೂ ಎಲೆಕ್ಟ್ರೋಡಿನ ರೋಧ ಎರಡೇ ದಿನದಲ್ಲಿ ಮೂರು ಪಟ್ಟಾಯಿತು. ಪುಡಿ ಅದೇ, ಕುಲುಮೆ ಅದೇ, ಬಳಿದ ಕೈಯೂ ಅದೇ.

ಗೋಣಿಕೊಪ್ಪಲು ಸೆರಾಮಿಕ್ಸ್:
ಎಲೆಕ್ಟ್ರೋಡ್ ಕಳಚುತ್ತಿದೆ, ಸಂಶಯವೇ ಬೇಡ. ಕೋಬಾಲ್ಟ್ ಹೆಚ್ಚಿರುವ ಇಂಥ ವಸ್ತುಗಳು ಬಿಸಿಗೆ ಎಲೆಕ್ಟ್ರೋಲೈಟಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತವೆ. ಎಲೆಕ್ಟ್ರೋಲೈಟಿನ ಪುಡಿಯನ್ನೇ ಮೂರರಲ್ಲಿ ಒಂದು ಪಾಲು ಬೆರೆಸಿ ಬಳಿಯಿರಿ.

ಕುಶಾಲನಗರ 12:
ಹಿಗ್ಗುವ ಗುಣ ಮೇ ತಿಂಗಳಲ್ಲೂ ಅಷ್ಟೇ ಇತ್ತಲ್ಲವೇ? ಎಲೆಕ್ಟ್ರೋಲೈಟ್ ಯಾವುದು, ಮೇಲೆ ಬಳಿದ ಲೋಹ ಯಾವುದು, ಗಾಳಿ ಎಲ್ಲಿಂದ ಬರುತ್ತಿದೆ ಎಂಬ ಮೂರನ್ನೂ ನೀವು ಬರೆದಿಲ್ಲ.

ಮಡಿಕೇರಿ ಕುಲುಮೆ:
ಎಲೆಕ್ಟ್ರೋಲೈಟ್ ಎಲ್ಲರೂ ಬಳಸುವ ಬಿಝಡ್‌ಸಿವೈವೈಬಿಯೇ, ಅಂದರೆ ಬೇರಿಯಂ, ಜಿರ್ಕೋನಿಯಂ, ಸೀರಿಯಂ, ಯಿಟ್ರಿಯಂ, ಯಿಟರ್ಬಿಯಂಗಳ ಆಕ್ಸೈಡ್; ಅದರಲ್ಲಿ ಸೀರಿಯಂ ಪಾಲು 0.7, ಜಿರ್ಕೋನಿಯಂ 0.1. ಮೇಲೆ ಬೆಳ್ಳಿಯ ಪೇಸ್ಟ್. ಗಾಳಿ ಕೋಣೆಯದೇ, ಮೀನಿನ ತೊಟ್ಟಿಯ ಪಂಪಿನಿಂದ ನೀರಿನ ಬಾಟಲಿಯ ಮೂಲಕ ಹೋಗುತ್ತದೆ.

ಗೋಣಿಕೊಪ್ಪಲು ಸೆರಾಮಿಕ್ಸ್:
ಬೆಳ್ಳಿಯೇ? ಅದು ತಾನೇ ಆಕ್ಸಿಜನ್ನಿನ ಕ್ರಿಯೆಗೆ ನೆರವಾಗುವುದರಿಂದ ನೀವು ಅಳೆದದ್ದು ಬಿಸಿಎಫ್‌ಝಡ್‌ವೈಯ ಗುಣವೋ ಬೆಳ್ಳಿಯ ಗುಣವೋ ಎಂದು ಹೇಳಲಾಗದು. ನಾನು ಚಿನ್ನದ ಜಾಲರಿಯನ್ನಷ್ಟೇ ಬಳಸುತ್ತೇನೆ.

ವಿರಾಜಪೇಟೆ ಹವ್ಯಾಸಿ:
ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ. 600ರಲ್ಲಿ ಎರಡು ದಿನದ ಪರೀಕ್ಷೆಗೆ ಚಿನ್ನ ಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ.

ಗೋಣಿಕೊಪ್ಪಲು ಸೆರಾಮಿಕ್ಸ್:
ಕರಗದಿದ್ದರೂ ಸರಿದಾಡುತ್ತದೆ. ಅದಿರಲಿ, ಮೂಲ ಕಾರಣ ಕಳಚುವಿಕೆಯೇ.

ಕುಶಾಲನಗರ 12:
ಅದನ್ನು ನಿಮ್ಮ ಬಳಿ ಇರುವ ಅಳತೆಯಿಂದಲೇ ತೀರ್ಮಾನಿಸಬಹುದು. ಇಂಪೀಡೆನ್ಸ್ ನಕ್ಷೆಯಲ್ಲಿ ಬರುವ ಕಮಾನಿನ ಅಗಲ ಎಲೆಕ್ಟ್ರೋಡಿನ ರೋಧ, ಅದರ ಎಡತುದಿ ಮುಖ್ಯವಾಗಿ ಎಲೆಕ್ಟ್ರೋಲೈಟಿನ ರೋಧ (ಓಮಿಕ್ ರೋಧ). ಪದರ ಕಳಚಿದರೆ ಅಂಟಿಕೊಂಡ ವಿಸ್ತೀರ್ಣವೇ ಕುಗ್ಗುವುದರಿಂದ ಕಮಾನು ದೊಡ್ಡದಾಗುತ್ತದೆ, ಅದರ ಜೊತೆಗೆ ಎಡತುದಿಯ ಓಮಿಕ್ ರೋಧವೂ ಏರುತ್ತದೆ. ಆದರೆ ರೋಧ ಏರಿದಷ್ಟೇ ಧಾರಣಶಕ್ತಿ (ಕೆಪಾಸಿಟೆನ್ಸ್) ಇಳಿಯುವ ಕಾರಣ ಕಮಾನಿನ ನೆತ್ತಿಯ ಆವರ್ತನ ಇದ್ದಲ್ಲೇ ಇರುತ್ತದೆ. ಪದರ ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಕೆಟ್ಟಿದ್ದರೆ ಎಡತುದಿ ಹೆಚ್ಚು ಅಲುಗುವುದಿಲ್ಲ, ಧಾರಣಶಕ್ತಿ ಹೆಚ್ಚು ಬದಲಾಗದೆ ರೋಧ ಮಾತ್ರ ಏರುವುದರಿಂದ ನೆತ್ತಿ ಕಡಿಮೆ ಆವರ್ತನದ ಕಡೆಗೆ ಜಾರುತ್ತದೆ. ನಿಮ್ಮದರಲ್ಲಿ ಏನಾಗಿದೆ?

ಮಡಿಕೇರಿ ಕುಲುಮೆ:
ಎಡತುದಿ ಬಹುತೇಕ ಹಾಗೆಯೇ ಇದೆ. ನೆತ್ತಿ 20 ಹರ್ಟ್ಸ್‌ನಿಂದ 7ಕ್ಕೆ ಇಳಿದಿದೆ.

ಕುಶಾಲನಗರ 12:
ಹಾಗಾದರೆ ಮೇಲ್ಮೈಯೇ ಕೆಟ್ಟಿದೆ. ಬೇರಿಯಂ ಇರುವ ಎಲೆಕ್ಟ್ರೋಡಿಗೆ ನನ್ನ ಮೊದಲ ಅನುಮಾನ ಕಾರ್ಬನ್ ಡೈಆಕ್ಸೈಡ್: ಮೇಲ್ಮೈಯ ಬೇರಿಯಂ ಕಾರ್ಬೊನೇಟ್ ಆಗಿ, ಆಕ್ಸಿಜನ್ ಒಳಹೋಗುವ ಜಾಗಗಳನ್ನು ಮುಚ್ಚುತ್ತದೆ. ಸೀರಿಯಂ ಹೆಚ್ಚಿರುವ ನಿಮ್ಮ ಎಲೆಕ್ಟ್ರೋಲೈಟಿಗೂ ಇದೇ ಅಪಾಯವಿದೆ. ಜಿರ್ಕೋನಿಯಂ ಹೆಚ್ಚಿಸಿದರೆ ತಾಳಿಕೆ ಹೆಚ್ಚುತ್ತದೆ, ಆದರೆ ಸುಟ್ಟು ಗಟ್ಟಿಯಾಗಿಸುವುದು ಕಷ್ಟವಾಗುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ನಿಮ್ಮ ಪಂಪಿನ ಗಾಳಿಯನ್ನು ಅದರಲ್ಲಿ ಗುಳ್ಳೆಯೆಬ್ಬಿಸಿ. ಎಷ್ಟು ಬೇಗ ಹಾಲಿನಂತಾಗುತ್ತದೆಂದು ತಿಳಿಸಿ.

ಮಡಿಕೇರಿ ಕುಲುಮೆ:
ಎರಡು ನಿಮಿಷದೊಳಗೆ ಬೆಳ್ಳಗಾಯಿತು. ಪಂಪನ್ನು ಜಗಲಿಗೆ ಒಯ್ದು ಹೊಸ ತಿಳಿಯಲ್ಲಿ ನೋಡಿದರೆ ಕಾಲು ಗಂಟೆಯಾದರೂ ತೆಳುವಾಗಿ ಮಸುಕಾಯಿತಷ್ಟೆ. ನಾನು ಹೇಳದೆ ಬಿಟ್ಟ ಸಂಗತಿಯೊಂದಿದೆ. ಮಳೆಗಾಲದಲ್ಲಿ ಪುಡಿಗಳು ತೇವ ಹಿಡಿಯುತ್ತವೆಂದು ಕೋಣೆಯ ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುತ್ತೇನೆ. ಈ ಊರಿನಲ್ಲಿ ಎಲ್ಲರೂ ಮಾಡುವುದೇ ಆದ್ದರಿಂದ ಅದನ್ನು ಬರೆಯಬೇಕೆಂದೇ ಹೊಳೆಯಲಿಲ್ಲ.

ಕುಶಾಲನಗರ 12:
ಅದನ್ನು ಇಂದೇ ಹೊರಗಿಡಿ, ಕೋಶಕ್ಕಿಂತ ಮೊದಲು ನಿಮ್ಮ ಜೀವಕ್ಕಾಗಿ: ಮುಚ್ಚಿದ ಕೋಣೆಯ ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನೂ ಕೊಡುತ್ತದೆ, ಅದಕ್ಕೆ ವಾಸನೆಯಿಲ್ಲ. ಗಾಳಿಯನ್ನು ಹೊರಗಿನಿಂದ ತಂದು ಮೊದಲು ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ತುಂಬಿದ ಕೊಳವೆಯಲ್ಲಿ, ಆಮೇಲೆ ನೀರಿನ ಬಾಟಲಿಯಲ್ಲಿ ಹಾಯಿಸಿ. ನೀರು 25 ಡಿಗ್ರಿಯಲ್ಲಿದ್ದರೆ ಸುಮಾರು ಶೇಕಡ 3 ಆವಿ ಸಿಗುತ್ತದೆ. ಕೆಟ್ಟ ಬಿಲ್ಲೆಗಳನ್ನು ಎಸೆಯಬೇಡಿ. ಎಕ್ಸ್‌ರೇ ವಿವರ್ತನೆಗೆ (ಹರಳುಗಳನ್ನು ಗುರುತಿಸುವ ಪರೀಕ್ಷೆ) ಅವಕಾಶ ಸಿಕ್ಕರೆ, ತಾಮ್ರದ ಕಿರಣದಲ್ಲಿ 24 ಡಿಗ್ರಿ ಕೋನದ ಬಳಿ ಬೇರಿಯಂ ಕಾರ್ಬೊನೇಟಿನ ಗೆರೆಯನ್ನು ಹುಡುಕಿ.

ಮಡಿಕೇರಿ ಕುಲುಮೆ:
ಐದು ದಿನಗಳಾದವು. ಸೋಡಾ ಲೈಮ್ ಹಾಕಿದ ಮೇಲೆ ಹೊಸ ಬಿಲ್ಲೆ ಅಲುಗಿಲ್ಲ. ಹಳೆಯದೊಂದನ್ನು ಅದೇ ಗಾಳಿಯಲ್ಲಿ 750 ಡಿಗ್ರಿಗೆ ಏರಿಸಿ ಇಳಿಸಿದಾಗ ಹೆಚ್ಚಿದ ರೋಧದ ಅರ್ಧದಷ್ಟು ಮಾತ್ರ ಇಳಿಯಿತು.

ಗೋಣಿಕೊಪ್ಪಲು ಸೆರಾಮಿಕ್ಸ್:
ಇಳಿಯದ ಅರ್ಧ ಕಳಚಿದ ಪದರದ್ದು. ಬಿಲ್ಲೆಯನ್ನು ಮುರಿದು ಅಡ್ಡಸೀಳಿನ ಚಿತ್ರ ಹಾಕಿ.

ಮಡಿಕೇರಿ ಕುಲುಮೆ:
ಮುರಿದಿಟ್ಟಿದ್ದೇನೆ. ಸೂಕ್ಷ್ಮದರ್ಶಕ ಸಿಗುವುದು ಹುತ್ತರಿ ಹಬ್ಬದ ನಂತರವೇ.