ಕುಲುಮೆಯಲ್ಲಿ ಮಾಡಿದ ಚಾಕು, ಕತ್ತಿ ಆನ್‌ಲೈನ್ ಮಾರಲು ಯಾವುದು ಒಳ್ಳೇದು? ಶಾಪಿಫೈ, ವೂಕಾಮರ್ಸ್, ಅಮೆಜಾನ್?

ಕುಲುಮೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ, ಚಿಕ್ಕಪ್ಪ ಇಬ್ಬರದೂ ಕುಲುಮೆ ಕೆಲಸ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು ಕಾಯಿಸಿ ಬಡಿದು ಅಡುಗೆ ಚಾಕು, ಈಳಿಗೆ ಮಣೆ, ಮೆಟ್ಟುಗತ್ತಿ, ಕುಡುಗೋಲು, ಸೌದೆ ಕತ್ತಿ ಎಲ್ಲ ಮಾಡುತ್ತಾರೆ. ಅಡಿಕೆ ಸುಲಿಯೋ ಮೆಷಿನ್ ಬಂದ ಮೇಲೆ ಮೆಟ್ಟುಗತ್ತಿ ಕೇಳುವವರು ಕಡಿಮೆ ಆದರು. ಸಂತೆ ಮತ್ತು ಎಳ್ಳಮಾವಾಸ್ಯೆ ಜಾತ್ರೆ ನಂಬಿಕೊಂಡು ಇನ್ನು ನಡೆಯೋದಿಲ್ಲ. ಆದರೆ ಅಡುಗೆ ಚಾಕುವಿನ ಫೋಟೋ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಮೇಲೆ ಬೆಂಗಳೂರು, ಪುಣೆ ಕಡೆಯಿಂದ ಕೇಳುತ್ತಿದ್ದಾರೆ, ಮೆಸೇಜಿನಲ್ಲಿ ಲೆಕ್ಕ ಇಡೋದು ಕಷ್ಟ ಆಗ್ತಿದೆ, ಯಾರು ದುಡ್ಡು ಹಾಕಿದರು ಯಾರಿಗೆ ಕಳಿಸಿದ್ದು ಅಂತ ಹುಡುಕೋದೇ ಒಂದು ಕೆಲಸ. ಅದಕ್ಕೇ ವೆಬ್‌ಸೈಟ್ ಮಾಡೋಣ ಅಂತ.

ನನಗೆ ಕೋಡಿಂಗ್ ಬರೋದಿಲ್ಲ. ಒಂದು ಹಳೇ ಲ್ಯಾಪ್‌ಟಾಪ್ ಇದೆ, ಉಳಿದಿದ್ದೆಲ್ಲ ಮೊಬೈಲಿನಲ್ಲೇ. ಒಂದು ಚಾಕು ಇದ್ದ ಹಾಗೆ ಇನ್ನೊಂದು ಇರಲ್ಲ, ಬೆಲೆ 600ರಿಂದ 2,500. ಚಿಕ್ಕಪ್ಪ ಯಾರಾದರೂ ಹೇಳಿದರೆ ಕೊಡಗಿನವರು ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿನೂ ಮಾಡಿಕೊಡುತ್ತಾರೆ, ಅದನ್ನೂ ಸೈಟಿನಲ್ಲಿ ಹಾಕಬಹುದಾ? ಅನುಭವ ಇರೋರು ಹೇಳಿ ಪ್ಲೀಸ್.

ಕೋಡುವ_ಕೋಳಿ:
ವೂಕಾಮರ್ಸ್ ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ಅಂಗಡಿ ಸಾಫ್ಟ್‌ವೇರ್ ಪುಕ್ಕಟೆ, ವರ್ಡ್‌ಪ್ರೆಸ್ (ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್) ಮೇಲೆ ಕೂರುತ್ತದೆ, ಡೊಮೇನ್ (ಸೈಟಿನ ಹೆಸರು) ಮತ್ತು ಹೋಸ್ಟಿಂಗ್ (ಸೈಟ್ ಇಡೋ ಜಾಗ) ದುಡ್ಡು ಮಾತ್ರ. ಶಾಪಿಫೈ ಅಂದರೆ ರೆಡಿಮೇಡ್ ಆನ್‌ಲೈನ್ ಅಂಗಡಿ, ಅದಕ್ಕೆ ತಿಂಗಳ ಬಾಡಿಗೆ ಇದೆ, ಅದರ ಮೇಲೆ ಇನ್ನೊಂದು ಕತೆ: ಅವರದೇ ಪೇಮೆಂಟ್ ಸೇವೆ ಭಾರತದಲ್ಲಿ ಇಲ್ಲ. ಹೊರಗಿನ ಪೇಮೆಂಟ್ ಗೇಟ್‌ವೇ (ಗಿರಾಕಿಯ ದುಡ್ಡು ಆನ್‌ಲೈನಿನಲ್ಲಿ ತಗೊಂಡು ನಮಗೆ ದಾಟಿಸೋ ಕಂಪನಿ) ಹಾಕಿಕೊಂಡರೆ ಬೇಸಿಕ್ ಪ್ಲಾನಿನಲ್ಲಿ ಪ್ರತಿ ಮಾರಾಟಕ್ಕೆ ಶೇ 2 ಕಿತ್ತುಕೊಳ್ಳುತ್ತಾರೆ. 1,500 ರೂಪಾಯಿ ಚಾಕು ಅಂದರೆ 30 ರೂಪಾಯಿ ಅವರಿಗೆ. ಗೇಟ್‌ವೇಯವರು ಸಾಮಾನ್ಯವಾಗಿ ಇನ್ನೊಂದು ಶೇ 2, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಮತ್ತೆ 35 ರೂಪಾಯಿ 40 ಪೈಸೆ. ಬಾಡಿಗೆ ಬೇರೆ! ತಿಂಗಳಿಗೆ ಹತ್ತು ಚಾಕು ಮಾರೋ ಮನೆಗೆ ಇದು ಜಾಸ್ತಿ ಆಯ್ತು.

ಒಂದೇ ಒಂದು ಇರೋ ಮಾಲಿಗೆ ಎರಡರಲ್ಲೂ ಒಂದೇ ಉಪಾಯ. ಸ್ಟಾಕ್ 1 ಅಂತ ಹಾಕಿ, ಮಾರಿದ ತಕ್ಷಣ ತಾನೇ 'ಸೋಲ್ಡ್ ಔಟ್' ಆಗುತ್ತದೆ.

ಸಾಣೆಕಲ್ಲು:
ಕೋಳಿ ಸಾರ್, ಕೋಡಿಂಗ್ ಬರಲ್ಲ ಅಂತ ಅವರು ಮೊದಲೇ ಹೇಳಿದ್ದಾರಲ್ವಾ. ವರ್ಡ್‌ಪ್ರೆಸ್ ಅಪ್‌ಡೇಟ್, ಪ್ಲಗಿನ್ ಅಪ್‌ಡೇಟ್, ಬ್ಯಾಕಪ್ ಇದನ್ನೆಲ್ಲ ನೋಡೋರು ಯಾರು? ಅಪ್‌ಡೇಟ್ ಮಾಡದೆ ಬಿಟ್ಟರೆ ಒಂದು ದಿನ ಸೈಟ್ ತೆಗೆದಾಗ ಚಾಕು ಬದಲು ಯಾವುದೋ ಜೂಜಿನ ಜಾಹೀರಾತು ಕಾಣುತ್ತದೆ. ನೋಡಿಕೊಳ್ಳೋ ತಂಗಿಯೋ ಭಾವನೋ ಇದ್ದರೆ ಮಾತ್ರ ವೂ.

ಆದರೆ ಇದೆಲ್ಲ ಎರಡನೇ ಪ್ರಶ್ನೆ. ಕುಲುಮೆಮನೆಯವರೇ, ನಾನು ಐದಾರು ವರ್ಷದಿಂದ ಚಾಕು ಮಾರುತ್ತಿದ್ದೇನೆ, ನನ್ನ ಮಾತು ಕೇಳಿ. ಸೈಟಿಗೆ ಒಂದು ರೂಪಾಯಿ ಹಾಕೋ ಮೊದಲು ಪೇಮೆಂಟ್ ಗೇಟ್‌ವೇ ಒಪ್ಪುತ್ತದಾ ನೋಡಿ. ಹಲವು ಗೇಟ್‌ವೇಗಳ ನಿಷೇಧಿತ ಮಾಲಿನ ಪಟ್ಟಿಯಲ್ಲಿ ಬಂದೂಕು, ಮದ್ದುಗುಂಡಿನ ಸಾಲಿನಲ್ಲೇ 'ನೈಫ್' ಅಂತಲೂ ಇರುತ್ತದೆ. ಅಡುಗೆ ಚಾಕುವೋ ಬೇರೆ ಚಾಕುವೋ ಅಂತ ಆ ಪಟ್ಟಿ ಬಿಡಿಸಿ ಹೇಳಲ್ಲ. ನನಗೆ ಒಂದು ಕಂಪನಿ ಮೊದಲು ಒಪ್ಪಿ, ಹಬ್ಬದ ಸಮಯದಲ್ಲಿ ಖಾತೆ ತಡೆಹಿಡಿದು, ಗ್ರಾಹಕರ ದುಡ್ಡು ವಾರಗಟ್ಟಲೆ ಒಳಗೇ ಕೂರಿಸಿತ್ತು. ಸೈಟ್ ಚೆನ್ನಾಗಿದ್ದು ಏನು ಬಂತು? ಅದಕ್ಕೇ ಮೊದಲೇ ಇಮೇಲ್ ಮಾಡಿ, ಫೋಟೋ ಹಾಕಿ, 'ಅಡುಗೆಮನೆ ಮತ್ತು ಕೃಷಿ ಉಪಕರಣ ಮಾರುತ್ತೇವೆ, ಒಪ್ಪಿಗೆ ಇದೆಯಾ' ಅಂತ ಕೇಳಿ. ಬರಹದಲ್ಲಿ ಉತ್ತರ ಬರೋ ತನಕ ಸುಮ್ನೆ ಥೀಮ್ ಆರಿಸಿಕೊಂಡು ಕೂರಬೇಡಿ. ಯಾರು ಒಪ್ಪುತ್ತಾರೋ ಅವರು ಯಾವ ಪ್ಲಾಟ್‌ಫಾರ್ಮಿಗೆ ಹೊಂದುತ್ತಾರೋ ಅದೇ ನಿಮ್ಮ ಪ್ಲಾಟ್‌ಫಾರ್ಮ್. ಕೊರಿಯರ್‌ನವರಿಗೂ ಇದೇ ಪ್ರಶ್ನೆ ಕೇಳಿ, ಚೂಪಾದ ವಸ್ತು ಅಂದರೆ ಕೌಂಟರಿನಲ್ಲೇ ವಾಪಸ್ ಕೊಡೋರು ಇದ್ದಾರೆ.

ಪೀಚೆಕತ್ತಿ ವಿಷಯ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಅಂತಲೇ ಮಾಡಿದ್ದಕ್ಕೆ ಇದು ಅನ್ವಯಿಸಲ್ಲ. ಹಾಗಾಗಿ ನಿಮ್ಮ ಸೌದೆ ಕತ್ತಿ ಎಷ್ಟು ಅಗಲ ಇದ್ದರೂ ತೊಂದರೆ ಇಲ್ಲ, ತೋಟದ ಕೆಲಸದ್ದು. ಪೀಚೆಕತ್ತಿಯನ್ನು ಯಾರೂ ಬದನೆಕಾಯಿ ಹೆಚ್ಚೋಕೆ ತಗೊಳ್ಳಲ್ಲ. ಅದನ್ನು ಸೈಟಿನಿಂದ ದೂರ ಇಡಿ. ಅಳತೆ ಬಗ್ಗೆ ಅನುಮಾನ ಇದ್ದರೆ ಡಿಸಿ ಕಚೇರಿಯಲ್ಲಿ ಕೇಳಿಕೊಂಡೇ ಮಾಡಿ. ಒಂದು ಪೀಚೆಕತ್ತಿ ಫೋಟೋ ನೋಡಿ ಗೇಟ್‌ವೇಯವರು ಇಡೀ ಅಂಗಡಿ ಮುಚ್ಚಿಸಿದರೆ ಈಳಿಗೆ ಮಣೆ ವ್ಯಾಪಾರವೂ ಹೋಯ್ತು.

ಹಾಗೇ ಮಾಲಿನ ಹೆಸರಿನಲ್ಲಿ ಮಚ್ಚು, ಲಾಂಗು ಅಂತ ಬರೆಯಬೇಡಿ ಮಾರಾಯ್ರೇ. ನಮ್ಮ ಸಿನಿಮಾದವರ ದಯೆಯಿಂದ ಅದಕ್ಕೆ ಎಂಥ ಗಿರಾಕಿಗಳು ಬರುತ್ತಾರೆ ಅಂತ ನಾನು ನೋಡಿದ್ದೇನೆ.

ಲೆಕ್ಕದ_ಪುಸ್ತಕ:
ತೆರಿಗೆ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪುಣೆಯವರಿಗೆ ಅಡುಗೆ ಚಾಕು ಕಳಿಸಿದರೆ ಅದು ಹೊರರಾಜ್ಯದ ಮಾರಾಟ. ತೆರಿಗೆ ಇರೋ ಮಾಲನ್ನು ಹೊರರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ವರ್ಷಕ್ಕೆ 40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಡ ಅನ್ನೋ ರಿಯಾಯಿತಿ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅದು ರಾಜ್ಯದ ಒಳಗಿನ ಮಾರಾಟಕ್ಕೆ. ಕಾಂಪೊಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿ) ತಗೊಂಡರೂ ಹೊರರಾಜ್ಯಕ್ಕೆ ಮಾರೋ ಹಾಗಿಲ್ಲ.

ಇನ್ನು ದರ. ಅಡುಗೆ ಚಾಕು ಎಚ್‌ಎಸ್‌ಎನ್ (ಜಿಎಸ್‌ಟಿಗೆ ಮಾಲು ಗುರುತಿಸೋ ಕೋಡ್) 8211, 2022ರ ಜುಲೈನಲ್ಲಿ ಶೇ 12 ಇದ್ದದ್ದು ಶೇ 18 ಆಯಿತು. ಕುಡುಗೋಲು, ಕೊಡಲಿ, ಮರ ಸವರೋ ಕತ್ತಿ ಇವೆಲ್ಲ 8201ರಲ್ಲಿ ಬರುವ ಕೃಷಿ ಕೈ ಉಪಕರಣಗಳು, ತೆರಿಗೆ ಸೊನ್ನೆ. ಒಂದೇ ಲಾರಿ ಪಟ್ಟಿ, ಒಂದೇ ಕುಲುಮೆ, ಆದರೆ ಒಂದಕ್ಕೆ 18, ಇನ್ನೊಂದಕ್ಕೆ ಏನೂ ಇಲ್ಲ! ಸೈಟಿನಲ್ಲಿ ಪ್ರತಿ ಮಾಲಿಗೂ ಬೇರೆ ಬೇರೆ ತೆರಿಗೆ ದರ ಹಾಕೋಕೆ ಬರಬೇಕು. ಶಾಪಿಫೈ, ವೂ ಎರಡರಲ್ಲೂ ಬರುತ್ತದೆ. ಅಗ್ಗದ ರೆಡಿಮೇಡ್ ಅಂಗಡಿ ಆ್ಯಪ್ ತಗೊಂಡರೆ ಇದನ್ನು ಮೊದಲು ಪರೀಕ್ಷಿಸಿ.

ನೋಂದಣಿ ರಗಳೆ ಈಗಲೇ ಬೇಡ ಅನ್ನಿಸಿದರೆ ಮೊದಲು ಕರ್ನಾಟಕದ ಒಳಗೆ ಮಾತ್ರ ಮಾರಿ, ಸೈಟಿನ ಡೆಲಿವರಿ ಸೆಟ್ಟಿಂಗಿನಲ್ಲಿ ಬೇರೆ ರಾಜ್ಯ ತೆಗೆದುಬಿಡಿ. ಅಮೆಜಾನ್‌ನಂಥ ಕಡೆಗೂ 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ರಾಜ್ಯದ ಒಳಗೆ ಮಾರಬಹುದು. ಅದಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಳ್ಳಬೇಕು.

ಕುಲುಮೆಮನೆ:
ಅಯ್ಯೋ, ಇಷ್ಟೆಲ್ಲ ಇದೆಯಾ! ತುಂಬಾ ಥ್ಯಾಂಕ್ಸ್. ಹಾಗಾದರೆ ಸೈಟ್ ಬಿಟ್ಟು ಸೀದಾ ಅಮೆಜಾನ್‌ಗೇ ಹೋಗೋದು ವಾಸಿನಾ? ಇನ್ನೊಂದು, ಚಾಕು ತುಕ್ಕು ಹಿಡಿಯಿತು ಅಂತ ವಾಪಸ್ ಕಳಿಸಿದರೆ ಏನು ಮಾಡೋದು?

ಸಾಣೆಕಲ್ಲು:
ಅಮೆಜಾನ್‌ನಲ್ಲಿ ನಿಮ್ಮ 900 ರೂಪಾಯಿ ಚಾಕು ಪಕ್ಕದಲ್ಲೇ ಫ್ಯಾಕ್ಟರಿಯ 150ರ ಚಾಕು ಹೊಳೆಯುತ್ತಿರುತ್ತದೆ, ಅಲ್ಲಿ ಸಾಲುಗಟ್ಟಿ ಒಂದೇ ಥರ ಇರೋ ಮಾಲಿಗೆ ಬೆಲೆ. ಗಿರಾಕಿಯ ಫೋನ್ ನಂಬರೂ ನಿಮ್ಮದಾಗಲ್ಲ. ಸಾಣೆ ಹಿಡಿಸಲು ಮತ್ತೆ ಬರುವವರೇ ನಮ್ಮ ವ್ಯಾಪಾರ ಅಲ್ವಾ? ನಿಮಗೆ ಈಗಾಗಲೇ ಇನ್‌ಸ್ಟಾಗ್ರಾಮ್‌ನಿಂದ ಜನ ಬರುತ್ತಿದ್ದಾರೆ, ಸ್ವಂತ ಸೈಟೇ ಮಾಡಿ. ಕೋಡಿಂಗ್ ಬರದಿದ್ದರೆ ಶಾಪಿಫೈ. ಡೊಮೇನ್ ಮಾತ್ರ ಬೇರೆ ಕಡೆ, ನಿಮ್ಮ ಹೆಸರಿನಲ್ಲೇ ಕೊಳ್ಳಿ, ಸೈಟ್ ಮಾಡಿಕೊಡೋ ಹುಡುಗನ ಹೆಸರಿನಲ್ಲಿ ಬೇಡ. ಆಮೇಲೆ ವೂಗೆ ಹೋಗಬೇಕು ಅಂದರೆ ಮಾಲಿನ ಪಟ್ಟಿ, ಗಿರಾಕಿ ಪಟ್ಟಿ ಎರಡೂ ಫೈಲ್ ಆಗಿ ಇಳಿಸಿಕೊಳ್ಳಬಹುದು.

ತುಕ್ಕು ಹಿಡಿದೇ ಹಿಡಿಯುತ್ತದೆ, ಸ್ಪ್ರಿಂಗ್ ಪಟ್ಟಿ ಸ್ಟೇನ್‌ಲೆಸ್ ಅಲ್ಲ. 'ಬಳಸಿದ ಮೇಲೆ ತೊಳೆದು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ನಿಂಬೆಹುಳಿ ತಾಗಿದರೆ ಬಣ್ಣ ಕಪ್ಪಾಗುತ್ತದೆ' ಅಂತ ಬೆಲೆಯ ಪಕ್ಕದಲ್ಲೇ ಹಾಕಿ, ಕೆಳಗೆಲ್ಲೋ ಮೂಲೆಯಲ್ಲಿ ಅಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ವಿಳಾಸ, ವಾಪಸಾತಿ ಷರತ್ತು, ದೂರು ಕೇಳುವವರ ಹೆಸರು ಹೇಗೂ ಹಾಕಲೇಬೇಕು.

ಕ್ಯಾಶ್ ಆನ್ ಡೆಲಿವರಿ ಇಡಬೇಡಿ. ಬಾಗಿಲ ಹತ್ತಿರ ಬೇಡ ಅಂದರೆ ಹೋಗೋ ಖರ್ಚು, ಬರೋ ಖರ್ಚು ಎರಡೂ ನಿಮ್ಮ ತಲೆ ಮೇಲೆ.

ಕೋಡುವ_ಕೋಳಿ:
ಸರಿ, ನೋಡಿಕೊಳ್ಳೋರು ಇಲ್ಲದಿದ್ದರೆ ಶಾಪಿಫೈ ಅಂತಲೇ ಆಗಲಿ. ಆ ಶೇ 2 ಮಾತ್ರ ನನಗೆ ಈಗಲೂ ಹೊಟ್ಟೆ ಉರಿ. ಪ್ಯಾಕಿಂಗ್ ಬಗ್ಗೆ ಯಾರಾದರೂ ಹೇಳಿ, ತುದಿ ಡಬ್ಬ ತೂತು ಮಾಡಿಕೊಂಡು ಬಂದ ಚಾಕು ನನ್ನ ಮನೆಗೇ ಬಂದಿತ್ತು.

ಸಾಣೆಕಲ್ಲು:
ಅಲಗಿಗೆ ಎಣ್ಣೆ ಸವರಿ, ದಪ್ಪ ರಟ್ಟನ್ನು ಮಡಚಿ ಒರೆ ಥರ ಮಾಡಿ ಟೇಪ್ ಸುತ್ತಿ, ತುದಿಗೆ ಒಂದು ತುಂಡು ಥರ್ಮಾಕೋಲ್ ಚುಚ್ಚಿ. ಡಬ್ಬ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು. ಈಳಿಗೆ ಮಣೆಗೆ ಮಾತ್ರ ಇದು ಸಾಲಲ್ಲ, ಮಣೆ ಒಂದು ಕಡೆ, ಅಲಗು ಒಂದು ಕಡೆ ಬಿಚ್ಚಿ ಕಳಿಸೋ ಹಾಗೆ ಚಿಕ್ಕಪ್ಪನ ಹತ್ತಿರ ಬೋಲ್ಟ್ ಹಾಕಿಸಿ.